ಸ್ಕ್ರೂ ಮೇಲಿನ ಹಸಿರು ಚುಕ್ಕೆ

೨೦೨೨ರ ಮಾರ್ಚ್ ೧೪, ಸೋಮವಾರ, ಬೆಳಿಗ್ಗೆ ೧೦.೪೦. ರಿಚ್ಚಿ ಸ್ಟ್ರೀಟಿನಲ್ಲಿ ಹಳೇ ಕಂಪ್ಯೂಟರ್ ಬಿಡಿಭಾಗ ಮಾರುವ ಧನಕೋಟಿ ಠಾಣೆಗೆ ಬಂದವನೇ ಕುರ್ಚಿ ಎಳೆದುಕೊಂಡು ಕೂತು ದೂರು ಶುರುಮಾಡಿದ. ಆರು ಗ್ರಾಫಿಕ್ಸ್ ಕಾರ್ಡು ಕಾಣೆಯಾಗಿವೆ. ಶನಿವಾರ ಮಧ್ಯಾಹ್ನ ಕಪಾಟಿನಲ್ಲಿದ್ದವು, ಭಾನುವಾರ ಅಂಗಡಿ ರಜೆ, ಈಗ ಇಲ್ಲ. ಬೀಗ ಒಡೆದಿಲ್ಲ. ಕಂಪ್ಯೂಟರಿನಲ್ಲಿ ಆಟ ಆಡುವವರಿಗೆ ಆ ಕಾರ್ಡೇ ಜೀವಾಳ. ಹೊಸದರ ಬೆಲೆ ಆಕಾಶಕ್ಕೇರಿದ್ದರಿಂದ ಹಳೆಯದಕ್ಕೇ ಜನ ಮುಗಿಬೀಳುತ್ತಿದ್ದ ಕಾಲ ಅದು.

ಇನ್ಸ್‌ಪೆಕ್ಟರ್ ತಾಮರೈಚೆಲ್ವಿ ಗುರುತು ಕೇಳಿದಳು. ಮುಚ್ಚಿಹೋದ ಇಂಟರ್‌ನೆಟ್ ಸೆಂಟರೊಂದರಿಂದ ಒಟ್ಟಿಗೆ ಕೊಂಡ ಮಾಲು, ಒಂದೊಂದರ ಬೆನ್ನ ಮೇಲೂ ಬಿಳಿ ಬಣ್ಣದ ಅಂಕಿ ಇದೆ, ಒಂದರಿಂದ ಆರರವರೆಗೆ ಅಂದ. ಅನುಮಾನ ಯಾರ ಮೇಲೆ ಎಂದರೆ ಪಕ್ಕದ ಅಂಗಡಿಯವನಿಂದ ಹಿಡಿದು ಎದುರಿನ ಚಹಾದವನವರೆಗೆ ಇಡೀ ಬೀದಿಯನ್ನೇ ಹೇಳಿದ. ಕೆಲಸದಾಳು ಪರಂಜೋತಿಯ ಹೆಸರು ಮಾತ್ರ ಬರಲಿಲ್ಲ. ಅವಳೇ ಕೇಳಿದಳು.

"ಅವನಾ? ಹದಿಮೂರು ವರ್ಷದಿಂದ ನನ್ನ ಹತ್ರಾನೇ ಇದಾನೆ. ಬೇಕಾದ್ರೆ ನನ್ನ ಮೇಲೆ ಅನುಮಾನ ಪಡಿ ಅಮ್ಮ, ಅವನ ಮೇಲೆ ಬೇಡ."

ಕಟ್ಟಡದೊಳಗಿನ ಕಳವೆಂದು ಐಪಿಸಿ ೩೮೦ರ ಅಡಿ ಎಫ್ಐಆರ್ ಆಯಿತು. ಆರೋಪಿ ಅಪರಿಚಿತ.

೧೨.೧೫ಕ್ಕೆ ಸ್ಥಳ ಮಹಜರು. ಅಂಗಡಿ ಎಷ್ಟು ಇಕ್ಕಟ್ಟೆಂದರೆ ಪಂಚರಿಬ್ಬರೂ ಬೀದಿಯಲ್ಲೇ ನಿಂತರು. ಕಬ್ಬಿಣದ ಏಣಿ ಹತ್ತಿದರೆ ಮೇಲೊಂದು ಅಟ್ಟ, ಪರಂಜೋತಿಯ ಕೆಲಸದ ಜಾಗ. ಅಲ್ಲಿ ಕೂರಬಹುದು, ತೆವಳಬಹುದು, ನಿಲ್ಲಲಾಗದು. ಮೂವತ್ತನಾಲ್ಕರ ಆ ಮನುಷ್ಯನ ಕತ್ತು ಬಾಗಿಯೇ ಇತ್ತು, ಮಾತಾಡುವಾಗಲೂ ನೆಟ್ಟಗಾಗಲಿಲ್ಲ. ತೊಡೆಯ ಮೇಲೊಂದು ಕಾರ್ಡಿಟ್ಟುಕೊಂಡು ಬ್ರಷ್ಷಿನಿಂದ ಧೂಳು ತೆಗೆಯುತ್ತಿದ್ದ. ಪಕ್ಕದಲ್ಲಿ ಗಿಳಿಹಸಿರು ನೇಲ್ ಪಾಲಿಶಿನ ಪುಟ್ಟ ಬಾಟಲಿ.

ಅದು ಯಾಕೆಂದು ಧನಕೋಟಿ ಕೆಳಗಿನಿಂದಲೇ ಕೂಗಿ ಹೇಳಿದ. ಮಾಲು ಮಾರುವಾಗ ಸ್ಕ್ರೂ ಮೇಲೆ ಒಂದು ಚುಕ್ಕೆ ಇಡುತ್ತಾರೆ. ಗಿರಾಕಿ ಬಿಚ್ಚಿ ಒಳಗಿನದನ್ನು ಬದಲಾಯಿಸಿ ವಾಪಸ್ ತಂದರೆ ಚುಕ್ಕೆ ಬಿರಿದಿರುತ್ತದೆ, ಕಳ್ಳಾಟ ಸಿಕ್ಕಿಬೀಳುತ್ತದೆ. ಬೀದಿಯಲ್ಲಿ ಅಂಗಡಿಗೊಂದು ಬಣ್ಣ, ಈ ಹಸಿರು ತನ್ನ ಅಂಗಡಿಯದು. ಕಳುವಾದವು ಇನ್ನೂ ಮಾರಾಟಕ್ಕೆ ತೆಗೆಯದ ಮಾಲು, ಅವಕ್ಕೆ ಚುಕ್ಕೆ ಇಲ್ಲ. ತಾಮರೈಚೆಲ್ವಿ ಅದನ್ನೂ ಮಹಜರಿನಲ್ಲಿ ಬರೆಸಿದಳು.

ಏಣಿ ಇಳಿದು ನೋಡಿದರೆ ಮುಂದಿನ ಜಾಲರಿ ಬಾಗಿಲಿಗೆ ಹೊರಗಿನಿಂದ ಬೀಗ. ಧನಕೋಟಿ ಅಭ್ಯಾಸಬಲದಿಂದ ಬೀಗ ಜಡಿದು, ಪಂಚರನ್ನೂ ಕರೆದುಕೊಂಡು ಕಾಫಿಗೆ ಹೋಗಿಬಿಟ್ಟಿದ್ದ. ಹೆಡ್ ಕಾನ್‌ಸ್ಟೆಬಲ್ ಜ್ಞಾನಮುತ್ತು ಸರಳು ಹಿಡಿದು ಕೂಗಿದ. ಬೀದಿಯವರು ಒಳಗಿರುವ ಪೊಲೀಸರನ್ನು ನೋಡಿ ನಕ್ಕು ಮುಂದೆ ಹೋದರು. ಒಳಗೆ ಗಾಳಿಯೇ ಆಡುತ್ತಿರಲಿಲ್ಲ.

"ದಿನಾ ಹೀಗೇನಾ?" ಎಂದು ಮೇಲೆ ನೋಡಿ ಕೇಳಿದಳು.

"ಅವರು ಹೊರಗೆ ಹೋದಾಗೆಲ್ಲ ಹೀಗೇ ಅಮ್ಮ. ಮಾಲಿನ ಭದ್ರತೆಗೆ," ಅಂದ ಪರಂಜೋತಿ, ಬ್ರಷ್ ನಿಲ್ಲಿಸದೆ.

ಎಂಟು ನಿಮಿಷ ಕಳೆದು ಬೀಗ ತೆರೆಯಿತು. ಅವಳು ಧನಕೋಟಿಗೆ ಸರಿಯಾಗಿಯೇ ಬೈದಳು.

ಮಂಗಳವಾರವೆಲ್ಲ ಬೀದಿ ವಿಚಾರಣೆಯಲ್ಲೇ ಹೋಯಿತು, ಪ್ರಯೋಜನ ಸೊನ್ನೆ. ಬುಧವಾರ ಬೆಳಿಗ್ಗೆ ಜ್ಞಾನಮುತ್ತು ಮೊಬೈಲ್ ಹಿಡಿದು ಓಡಿಬಂದ. ಹಳೇ ಭಾಗ ಜೋಡಿಸಿ ಅಗ್ಗಕ್ಕೆ ಕಂಪ್ಯೂಟರ್ ಕಟ್ಟುವವರ ಗುಂಪೊಂದು ಅಂತರ್ಜಾಲದಲ್ಲಿದೆ. ಅದರಲ್ಲಿ ರಾಯಪುರಂನ ನರ್ಸ್ ಫಿಲೋಮಿನಾ ತನ್ನ ಕಂಪ್ಯೂಟರಿನ ಚಿತ್ರ ಹಾಕಿ, ನಾಲ್ಕು ತಿಂಗಳಿಗೆ ಅಂತೂ ಮುಗಿಯಿತು ಎಂದು ಬರೆದುಕೊಂಡಿದ್ದಳು. ಒಳಗಿನ ಕಾರ್ಡಿನ ಬೆನ್ನ ಮೇಲೆ ಬಿಳಿ ಬಣ್ಣದ ನಾಲ್ಕು.

ಮಧ್ಯಾಹ್ನ ೩.೩೦ಕ್ಕೆ ಅವಳ ಮನೆ. ಕಂಪ್ಯೂಟರಿನ ಡಬ್ಬಿ ಗುಜರಿಯದು, ಬೋರ್ಡು ಬ್ಯಾಂಕೊಂದು ಹರಾಜು ಹಾಕಿದ್ದು, ಪರದೆಯ ಮೂಲೆಯಲ್ಲಿ ಬಿರುಕು. ಒಂದೊಂದು ಸಂಬಳಕ್ಕೆ ಒಂದೊಂದು ಭಾಗ ತಂದಿದ್ದಳಂತೆ. ವಾರ್ಡಿನಿಂದ ಬಂದ ಮೇಲೆ ಒಂದು ಗಂಟೆ ಆಡಿದರೆ ತಲೆ ಹಗುರಾಗುತ್ತದೆ ಎಂದಳು. ಕಾರ್ಡು ಕಳವಿನದೆಂದು ಕೇಳಿದವಳೇ ಕಂಪ್ಯೂಟರನ್ನು ಆರಿಸಿದಳು. ಕೊಟ್ಟವರು ಯಾರೆಂದರೆ "ಒಬ್ಬ ಅಣ್ಣ" ಅಂದಳು. ಎಷ್ಟು ಕೇಳಿದರೂ ಹೆಸರು ಬಾಯಿಬಿಡಲಿಲ್ಲ.

ಬಿಡುವ ಅಗತ್ಯವೂ ಬೀಳಲಿಲ್ಲ. ಕಾರ್ಡನ್ನು ಹೊರತೆಗೆದು ತಿರುಗಿಸಿದಾಗ ಸ್ಕ್ರೂ ಮೇಲೆ ಗಿಳಿಹಸಿರು ಚುಕ್ಕೆ ಹೊಳೆಯಿತು. ಕಳುವಾಗುವ ಮುಂಚೆ ಅದು ಇರಲಿಲ್ಲ. ಕದ್ದ ಮಾಲಿಗೆ ಅಂಗಡಿಯ ಮುದ್ರೆ ಒತ್ತಿ ಕೊಟ್ಟ ಮಹಾರಾಯ ಒಬ್ಬನೇ ಇರಲು ಸಾಧ್ಯ. ತಾಮರೈಚೆಲ್ವಿಗೆ ಖುಷಿಯಾಗಬೇಕಿತ್ತು, ಆಗಲಿಲ್ಲ.

೫.೧೦ಕ್ಕೆ ಪರಂಜೋತಿಯನ್ನು ಠಾಣೆಗೆ ಕರೆತಂದರು. ಅವನು ಏನನ್ನೂ ಅಲ್ಲಗಳೆಯಲಿಲ್ಲ. ಉಳಿದ ಐದು ಕಾರ್ಡು ಅವನ ಕೋಣೆಯಲ್ಲಿ ಹಳೇ ಪಂಚೆಯಲ್ಲಿ ಸುತ್ತಿಟ್ಟಿದ್ದು ಹಾಗೇ ಸಿಕ್ಕಿತು, ಪಂಚನಾಮೆಯಾಯಿತು. ಕಲಂ ೩೮೧ಕ್ಕೆ ಬದಲಾಯಿತು: ನೌಕರನಿಂದ ಕಳವು.

"ಐದನ್ನ ಮುಟ್ಟಿಲ್ಲ. ಒಂದನ್ನ ಯಾಕೆ ಮಾರ್ದೆ?"

"ಮೊದಲಿಂದ ಆ ನರ್ಸಮ್ಮನ ಕಂಪ್ಯೂಟರ್‌ಗೆ ಭಾಗ ಹುಡುಕಿಕೊಟ್ಟೋನು ನಾನೇ. ಅದೊಂದೇ ಬಾಕಿ ಇತ್ತು."

"ಚುಕ್ಕೆ ಯಾಕೆ ಇಟ್ಟೆ?"

ಆ ಪ್ರಶ್ನೆಯೇ ಅವನಿಗೆ ಅರ್ಥವಾಗಲಿಲ್ಲ. "ಚುಕ್ಕೆ ಇಡದೆ ಮಾಲು ನನ್ನ ಕೈಯಿಂದ ಹೋಗಲ್ಲ ಅಮ್ಮ. ನಾಳೆ ಕೆಟ್ರೆ ಅವರು ಯಾರನ್ನ ಕೇಳ್ಬೇಕು?"

ಉಳಿದದ್ದನ್ನು ಅವನು ಮೆಲ್ಲಗೆ ಹೇಳಿದ. ಕೆಲಸಕ್ಕೆ ಸೇರಿದ ದಿನವೇ ಧನಕೋಟಿ ಅವನ ಡಿಪ್ಲೊಮಾ ಸರ್ಟಿಫಿಕೇಟು, ಅಂಕಪಟ್ಟಿ ಎಲ್ಲ ಇಸಿದುಕೊಂಡು ಬೀರುವಿನಲ್ಲಿಟ್ಟಿದ್ದ. ಈಗ ತಿರುಚ್ಚಿಯ ಕಾಲೇಜೊಂದರಲ್ಲಿ ಲ್ಯಾಬ್ ಕೆಲಸ ಸಿಕ್ಕಿತ್ತು, ಮೂಲ ಕಾಗದಗಳೊಂದಿಗೆ ಇದೇ ತಿಂಗಳ ೧೮ರೊಳಗೆ ಹಾಜರಾಗಬೇಕಿತ್ತು. ನಾಲ್ಕು ಸಲ ಕೇಳಿದ. ನಾಲ್ಕು ಸಲವೂ "ನೋಡೋಣ" ಎಂದೇ ಉತ್ತರ.

"ಕದ್ರೆ ಓಡಿಸ್ತಾರೆ, ಓಡಿಸೋವಾಗ ಕಾಗದ ಮುಖಕ್ಕೆ ಎಸೀತಾರೆ ಅಂದ್ಕೊಂಡೆ. ಅವರು ನನ್ನ ಮೇಲೆ ಅನುಮಾನಾನೇ ಪಡ್ಲಿಲ್ಲ ಅಮ್ಮ."

ಸಂಜೆ ೬.೪೫ಕ್ಕೆ ಧನಕೋಟಿ ಇಡ್ಲಿ ಪೊಟ್ಟಣ ಹಿಡಿದು ಬಂದ. ಕೋಪವೇನೂ ಇರಲಿಲ್ಲ. ಏನೋ ಬುದ್ಧಿಗೆಟ್ಟು ಮಾಡಿದ್ದಾನೆ, ಮಾಲು ಸಿಕ್ಕಿತಲ್ಲ, ದೂರು ವಾಪಸ್, ನಾಳೆ ಅಂಗಡಿ ತೆಗೆಯಬೇಕು, ಅವನನ್ನು ಕರೆದುಕೊಂಡು ಹೋಗುತ್ತೇನೆ ಎಂದ.

"ಅವನ ಕಾಗದ ತಂದಿದೀರಾ?"

"ಅದು ಅವನು ಅಂಗಡಿಗೆ ಬಂದ್ಮೇಲೆ ನೋಡೋಣ ಬಿಡಿ ಅಮ್ಮ."

ಲಾಕಪ್ಪಿನ ಒಳಗಿನಿಂದ ಪರಂಜೋತಿ ಮೊದಲ ಸಲ ದನಿ ಎತ್ತಿದ. "ಅಮ್ಮ, ನನ್ನ ಅವರ ಜೊತೆ ಕಳಿಸ್ಬೇಡಿ."

ತಾಮರೈಚೆಲ್ವಿ ಧನಕೋಟಿಗೆ ಎರಡು ಮಾತಿನಲ್ಲಿ ಹೇಳಿದಳು: ಇಂಥ ಕೇಸು ಠಾಣೆಯಲ್ಲಿ ವಾಪಸ್ ಆಗುವುದಲ್ಲ, ಕೋರ್ಟಿನಲ್ಲಿ ಹೇಳಿಕೊಳ್ಳಿ, ಇನ್ನೊಬ್ಬನ ಕಾಗದ ಬಚ್ಚಿಡುವುದಕ್ಕೂ ಕೇಸಿದೆ, ಬೇಕಾ? ಜ್ಞಾನಮುತ್ತು ಅವನ ಜೊತೆ ಹೋಗಿ ಬೀರು ತೆಗೆಸಿ ಕಂದು ಬಣ್ಣದ ಲಕೋಟೆ ತಂದ. ಅವಳು ಅದನ್ನು ಸರಳುಗಳ ನಡುವಿನಿಂದ ಕೊಟ್ಟಳು. ಪರಂಜೋತಿ ಅಂಗೈ ಬನಿಯನ್ನಿಗೆ ಒರೆಸಿಕೊಂಡು ಸರ್ಟಿಫಿಕೇಟು ತೆಗೆದು ನೋಡಿದ, ಪ್ರಥಮ ದರ್ಜೆ. ಕಳವಿನ ಕೇಸಿನಲ್ಲಿ ಹೆಸರು ಬಿದ್ದವನನ್ನು ಯಾವ ಕಾಲೇಜೂ ಸೇರಿಸಿಕೊಳ್ಳುವುದಿಲ್ಲವೆಂದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಕಾಗದವನ್ನು ಮಡಚದೆ ಲಕೋಟೆಗೆ ಹಾಕಿ, ಜೋಪಾನ ಅಮ್ಮ ಎಂದು ಹಿಂದಿರುಗಿಸಿದ. ಆಮೇಲೆ ಎದ್ದು ನಿಂತು, ಎರಡೂ ಕೈ ಮೇಲೆತ್ತಿ ಮೈ ಮುರಿದ. ಬೆರಳು ಸೂರಿಗೆ ತಾಕಲಿಲ್ಲ. ಅವನು ಅಷ್ಟು ಎತ್ತರದ ಮನುಷ್ಯನೆಂದು ತಾಮರೈಚೆಲ್ವಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.