ಅಂಬಿಗನಿಗೊಂದು ತಾರೀಕು

"ಮೇಡಂ, ಆ ಕಲ್ಲುಸೇತುವೆ ಯಾವಾಗ ರಿಪೇರಿ ಆಗುತ್ತೆ?"

ಮೈಕ್ ಹಿಡಿದು ನಿಂತವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಸಿಟ್ಟಿಗೆ ಏನು ಹೇಳಬೇಕೆಂದು ಆಫೀಸಿನಲ್ಲಿ ಕಲಿಸಿದ್ದರು.

ಸಭಾಂಗಣದಲ್ಲಿ ಮುನ್ನೂರು ಜನ ಕೂತಿದ್ದರು. ಎಲ್ಲರೂ ಒಂದೇ ಆನ್‌ಲೈನ್ ಆಟದ ಆಟಗಾರರು. ವೇದಿಕೆಯ ಮೇಲೆ ಅವಳೊಬ್ಬಳೇ. ಆಟ ಹೊರತರುವ ಕಂಪನಿಯ ಪರವಾಗಿ ಆಟಗಾರರ ಜೊತೆ ಮಾತಾಡುವುದೇ ಅವಳ ಕೆಲಸ. ಪ್ರಕಟಣೆ ಬರೆಯುವುದು, ಪ್ರಶ್ನೆಗೆ ಉತ್ತರಿಸುವುದು, ಬೈಗುಳ ತಿನ್ನುವುದು. ಆಟಗಾರರು ಅವಳಿಗಿಟ್ಟ ಹೆಸರು 'ಪ್ರಕಟಣೆ ಅಕ್ಕ'.

ಅವಳು ಗಂಟಲು ಸರಿಮಾಡಿಕೊಂಡಳು. "ಆ ವಿಷಯ ನಮ್ಮ ಗಮನಕ್ಕೆ ಬಂದಿದೆ. ಪರಿಶೀಲಿಸುತ್ತಿದ್ದೇವೆ."

ಸಭೆಯೆಲ್ಲ ಗೊಳ್ಳೆಂದು ನಕ್ಕಿತು.

ಅವನು ಮಾತ್ರ ನಗಲಿಲ್ಲ. "ನಾನ್ನೂರ ಹನ್ನೆರಡು ದಿನ ಆಯ್ತು ಮೇಡಂ. ಹೊಸದಾಗಿ ಆಟಕ್ಕೆ ಬಂದೋರು ಆ ಸೇತುವೆ ಮೇಲೆ ಕಾಲಿಟ್ರೆ ಹೊಳೆಗೆ ಬೀಳ್ತಾರೆ. ಅದಕ್ಕೇ ನಾನು ದಿನಾ ಸಂಜೆ ಒಂದು ಗಂಟೆ ಆಟದೊಳಗೇ ದೋಣಿ ಇಟ್ಕೊಂಡು ಅವರನ್ನ ದಾಟಿಸ್ತಿದ್ದೀನಿ."

"ಓ... ಅಂಬಿಗ ನೀವೇನಾ?" ಬಾಯಿಂದ ತಾನಾಗಿಯೇ ಹೊರಬಿತ್ತು. ಆ ಹೆಸರು ಕೇಳದವರು ಆಟದಲ್ಲಿ ಯಾರಿದ್ದರು!

"ಹೌದು. ಆದ್ರೆ ಹೊಟ್ಟೆಪಾಡಿಗೆ ಲಿಫ್ಟ್ ಮೆಕ್ಯಾನಿಕ್." ಈಗ ಅವನು ಸ್ವಲ್ಪ ನಕ್ಕ. "ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡೋರಿಗೆ 'ಪರಿಶೀಲಿಸುತ್ತಿದ್ದೇವೆ' ಅಂದ್ರೆ ಎದೆ ಒಡ್ಕೊಂಡೇ ಸತ್ತುಹೋಗ್ತಾರೆ ಮೇಡಂ."

ಮತ್ತೆ ನಗು. ಅವಳ ಕಿವಿ ಬಿಸಿಯಾಯಿತು. ಛೇ... ಇಷ್ಟು ಜನರ ಮುಂದೆ!

* * *

ಸಭೆ ಮುಗಿದ ಮೇಲೆ ಅವನೇ ಹುಡುಕಿಕೊಂಡು ಬಂದ. ಕೈಯಲ್ಲಿ ಎರಡು ಕಾಗದದ ಲೋಟ ಚಹಾ.

"ತಪ್ಪು ತಿಳ್ಕೋಬೇಡಿ. ನಿಮ್ಮನ್ನ ನಗೆಪಾಟಲು ಮಾಡ್ಬೇಕು ಅಂತ ಹೇಳಿದ್ದಲ್ಲ."

"ಮಾಡಿ ಆಯ್ತಲ್ಲ," ಎಂದಳು. ಆದರೂ ಚಹಾ ತೆಗೆದುಕೊಂಡಳು. ಒಂದು ಗುಟುಕು ಕುಡಿದು, ತಡೆಯಲಾರದೆ ಕೇಳಿದಳು. "ಸಿಕ್ಕಿಹಾಕ್ಕೊಂಡೋರಿಗೆ ನೀವು ಏನು ಹೇಳ್ತೀರಿ?"

"ಮೂರು ಮಾತು. ನನಗೆ ಗೊತ್ತಿರೋದು, ಗೊತ್ತಿಲ್ದೇ ಇರೋದು, ಮತ್ತೆ ಯಾವಾಗ ಮಾತಾಡ್ತೀನಿ ಅನ್ನೋದು. ಐದು ನಿಮಿಷಕ್ಕೊಂದ್ಸಲ ಮಾತಾಡ್ತೀನಿ. ಹೇಳೋಕೆ ಏನೂ ಇಲ್ದಿದ್ರೆ 'ಏನೂ ಇಲ್ಲ, ನಾನಿದ್ದೀನಿ' ಅಂತೀನಿ. ಕತ್ತಲಲ್ಲಿ ಕೂತೋರಿಗೆ ಭಯ ಆಗೋದು ಕತ್ತಲಿಂದಲ್ಲ ಮೇಡಂ. ಹೊರಗೆ ಯಾರೂ ಇಲ್ವೇನೋ ಅಂತ."

ಅವಳು ಲೋಟದೊಳಗೇ ನೋಡುತ್ತಾ ನಿಂತಳು.

ಅವಳ ಆಫೀಸಿನಲ್ಲಿ ಎರಡು ನಿಯಮಗಳಿದ್ದವು. ಹೊಸ ಸುದ್ದಿ ಇಲ್ಲದಿದ್ದರೆ ಪ್ರಕಟಣೆ ಬೇಡ. ಸುದ್ದಿ ಇದ್ದರೂ ತಾರೀಕು ಕೊಡಬೇಡ. ಕೊಟ್ಟ ತಾರೀಕು ತಪ್ಪಿದರೆ ಜನ ಜನ್ಮದಲ್ಲಿ ಮರೆಯುವುದಿಲ್ಲ. ನಾಲ್ಕು ವರ್ಷದಿಂದ ಈ ನಿಯಮಗಳನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದ್ದಳೆಂದರೆ, ಅವು ಮನೆಗೂ ಬಂದುಬಿಟ್ಟಿದ್ದವು.

"ಊಟಕ್ಕೆ ಬಾರೇ ಅಂದ್ರೂ 'ನೋಡಿ ಹೇಳ್ತೀನಿ' ಅಂತೀಯಲ್ಲ! ಹೊಟ್ಟೆ ಹಸಿದಿದೆಯೋ ಇಲ್ವೋ ಅನ್ನೋದಕ್ಕೂ ಯಾರದ್ದಾದ್ರೂ ಒಪ್ಪಿಗೆ ಬೇಕೇನೇ ನಿನಗೆ?" ಅಮ್ಮ ರೇಗುತ್ತಿದ್ದಳು.

ಆ ಸೋಮವಾರ ಅವಳು ತನ್ನ ವಿಭಾಗದ ಹೆಡ್ ಮೇಡಂ ಮುಂದೆ ನಿಂತು, ಒಂದೇ ಉಸಿರಿಗೆ ಹೇಳಿದಳು. "ಪ್ರತಿ ಶುಕ್ರವಾರ ನಾಲ್ಕು ಗಂಟೆಗೆ ಸೇತುವೆ ಬಗ್ಗೆ ಬರೀತೀನಿ. ಸುದ್ದಿ ಇಲ್ದಿದ್ರೂ."

ಹೆಡ್ ಮೇಡಂ ಕನ್ನಡಕದ ಮೇಲಿಂದ ನೋಡಿದರು. "ಸುದ್ದಿ ಇಲ್ದೇ ಏನು ಬರೀತೀಯ?"

"ಸುದ್ದಿ ಇಲ್ಲ ಅಂತ."

"...ಒಂದು ತಿಂಗಳು ನೋಡೋಣ. ತಾರೀಕು ಮಾತ್ರ ಕೊಡ್ಬೇಡ ತಾಯಿ!"

ಮೊದಲ ಶುಕ್ರವಾರ ಅವಳು ಬರೆದದ್ದು ನಾಲ್ಕೇ ಸಾಲು. *ಸೇತುವೆ ಇನ್ನೂ ಸರಿಯಾಗಿಲ್ಲ. ಈ ವಾರ ಎರಡು ದಾರಿ ಪ್ರಯತ್ನಿಸಿದೆವು, ಎರಡೂ ಫಲಿಸಲಿಲ್ಲ. ಕಾರಣ ಇನ್ನೂ ಗೊತ್ತಿಲ್ಲ. ಮುಂದಿನ ಶುಕ್ರವಾರ ಮತ್ತೆ ಬರೆಯುತ್ತೇನೆ.*

ಆಟಗಾರರು ಚರ್ಚಿಸುವ ಫೋರಂ ಅನ್ನು ಹಿಂಜರಿಯುತ್ತಲೇ ತೆರೆದಳು. ಬೈಗುಳದ ಸುರಿಮಳೆಯೇ ಇರಬೇಕು...

ಮೊದಲ ಉತ್ತರ ಅಂಬಿಗನದು. "ಕೇಳಿಸ್ತು ಅಕ್ಕ. ಅಲ್ಲೀವರೆಗೆ ದೋಣಿ ಇದೆ."

ಅವಳ ಕಣ್ಣು ಯಾಕೋ ಮಂಜಾಯಿತು.

* * *

ಹನ್ನೊಂದು ಶುಕ್ರವಾರಗಳು ಕಳೆದವು.

ಪ್ರಕಟಣೆ ಹಾಕಿ ಆಫೀಸಿನಿಂದ ಕೆಳಗಿಳಿದರೆ, ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಅವನು ಇರುತ್ತಿದ್ದ. ಉಗುರುಸಂದಿಯಲ್ಲಿ ಗ್ರೀಸ್, ಕಾಲ ಬಳಿ ಸಲಕರಣೆಯ ಚೀಲ. ಆ ವಾರ ಯಾವ ಮಹಡಿಯಲ್ಲಿ ಯಾರು ಸಿಕ್ಕಿಹಾಕಿಕೊಂಡರು, ಯಾವ ಅಜ್ಜ ಲಿಫ್ಟಿನೊಳಗೇ ಗೊರಕೆ ಹೊಡೆದ ಎಂದೆಲ್ಲ ಹೇಳುತ್ತಿದ್ದ. ಅವಳು ನಗುತ್ತಿದ್ದಳು. ತಾನು ಇಷ್ಟು ಜೋರಾಗಿ ನಗಬಲ್ಲೆ ಎಂಬುದು ಅವಳಿಗೇ ಹೊಸ ವಿಷಯವಾಗಿತ್ತು.

ಹನ್ನೊಂದನೆಯ ಶುಕ್ರವಾರ ಅವನು ಹೆಚ್ಚು ಮಾತಾಡಲಿಲ್ಲ. ಖಾಲಿ ಲೋಟವನ್ನು ತಿರುಗಿಸುತ್ತಾ ಕೂತಿದ್ದ.

"ರೀ ಪ್ರಕಟಣೆಯವ್ರೇ..."

"ಹ್ಞೂಂ?"

"ಒಂದಿನ ನಿಮ್ಮ ಮನೆಗೆ ಬಂದು ಅಮ್ಮನ ಹತ್ರ ಮಾತಾಡ್ಬೇಕು ಅಂತಿದ್ದೀನಿ. ನಮ್ಮಿಬ್ಬರ ವಿಷಯ. ಯಾವಾಗ ಬರ್ಲಿ?"

ಎದೆ ಧಸಕ್ಕೆಂದಿತು. 'ನಾಳೇನೇ ಬನ್ನಿ!' ಎಂದು ಮನಸ್ಸು ಕೂಗಿತು. ಆದರೆ... ಅಮ್ಮ ಏನನ್ನುತ್ತಾಳೋ? ನಾನು ಇವನಿಗೆ ತಕ್ಕವಳೋ? ಆಮೇಲೆ ಏನಾದರೂ ಎಡವಟ್ಟಾದರೆ? ನಾಲಿಗೆ ಅಭ್ಯಾಸದ ದಾರಿಯನ್ನೇ ಹಿಡಿಯಿತು.

"ಪರಿಶೀಲಿಸಿ... ತಿಳಿಸ್ತೀನಿ."

ಅವನು ನಕ್ಕ. ಆ ನಗು ಕಣ್ಣಿನವರೆಗೆ ಹೋಗಲಿಲ್ಲ. ಅದು ಅವಳಿಗೆ ಕಾಣಿಸಿತು. ಕೇಳಿದ ತಾರೀಕು ಕೊಡಲಾಗದವಳು, ಅದರ ಬದಲಿಗೆ ಎಂಬಂತೆ ಒಂದು ಗುಟ್ಟು ಕೊಟ್ಟಳು.

"ಯಾರಿಗೂ ಹೇಳ್ಬೇಡಿ. ಸೇತುವೆ ಸರಿಯಾಗೋದೇ ಇಲ್ವಂತೆ. ಅದನ್ನೂ, ದೋಣಿ ನಿಲ್ಲೋ ದಡವನ್ನೂ ತೆಗೆದುಬಿಡ್ತಾರೆ. ನಮ್ಮ ಕೋಣೇಲಿ ಐದು ಜನಕ್ಕೆ ಮಾತ್ರ ಗೊತ್ತು. ನಿಮಗೆ ಬೇರೆಯವರಿಂದ ಗೊತ್ತಾಗ್ಬಾರ್ದು ಅಂತ..."

ಅವನು ಖಾಲಿ ಲೋಟವನ್ನು ಬೆಂಚಿನ ಮೇಲಿಟ್ಟ. "ಹೋಗ್ಲಿ ಬಿಡಿ. ಹೇಳಿದ್ರಲ್ಲ, ಅದೇ ಸಾಕು."

ಮರುದಿನ ಬೆಳಗ್ಗೆ ಫೋರಂಗೆ ಬೆಂಕಿ ಬಿದ್ದಿತ್ತು. *ಸೇತುವೆ ತೆಗೀತಾರಂತೆ! ದಡಾನೂ ಹೋಗುತ್ತಂತೆ! ಇಷ್ಟು ದಿನ ಪ್ರಕಟಣೆ ಅಕ್ಕ ನಮ್ಮ ಕಿವಿಗೆ ಹೂ ಇಟ್ಟಳು!*

ಹೆಡ್ ಮೇಡಂ ಎಲ್ಲರನ್ನೂ ಕರೆಸಿದರು. "ಐದು ಜನಕ್ಕೆ ಗೊತ್ತಿದ್ದ ವಿಷಯ ಊರಿಗೆಲ್ಲ ಹೇಗೆ ಗೊತ್ತಾಯ್ತು?"

ಐದು ಜನ... ಮತ್ತೆ ಅವನು! 'ನನ್ನ ಕೆಲಸ ಹೋದರೂ ಪರವಾಗಿಲ್ಲ ಅನ್ನಿಸಿತೇ ಅವನಿಗೆ?'

ಫೋನ್ ತೆಗೆದು ಬರೆದಳು. "ನಿಮ್ಮನ್ನ ನಂಬಿದ್ದು ನನ್ನ ತಪ್ಪು."

ಅವನ ಉತ್ತರ ಕೂಡಲೇ ಬಂತು. ಅವಳು ಅದನ್ನು ತೆರೆಯಲೇ ಇಲ್ಲ.

* * *

ಹದಿನೇಳು ದಿನ.

ಆ ದಿನಗಳಲ್ಲಿ ಅವಳು ಪ್ರಕಟಣೆ ಬರೆಯಲಿಲ್ಲ. ಫೋರಂ ಕಡೆ ತಲೆ ಹಾಕಬೇಡ, ಎಲ್ಲ ತಣ್ಣಗಾಗಲಿ ಎಂದು ಹೆಡ್ ಮೇಡಂ ಹೇಳಿದ್ದರು. ಬೈಗುಳ ಓದುವ ಧೈರ್ಯ ಅವಳಿಗೂ ಇರಲಿಲ್ಲ. ಆಫೀಸಿನ ಹಿಂಬಾಗಿಲಿನಿಂದ ಮನೆಗೆ ಹೋಗುತ್ತಿದ್ದಳು, ಚಹಾದಂಗಡಿ ಕಾಣದ ಹಾಗೆ.

"ಏನಾಯ್ತೇ? ಯಾರಾದ್ರೂ ಏನಾದ್ರೂ ಅಂದ್ರಾ?" ಅಮ್ಮ ತಲೆ ಸವರಿದಳು.

"ಏನಿಲ್ಲಮ್ಮ."

"ಏನಿಲ್ಲ ಅನ್ನೋಳ ಮುಖ ಹಿಂಗಿರುತ್ತಾ? ಕನ್ನಡಿ ನೋಡ್ಕೋ ಹೋಗು."

ಹದಿನೆಂಟನೆಯ ದಿನ ಮೇಲಧಿಕಾರಿಗಳಿಗೆ ವರದಿ ಬೇಕಾಯಿತು. ಗುಟ್ಟು ಮೊದಲು ಎಲ್ಲಿ, ಯಾವಾಗ ಹೊರಬಿತ್ತು? ಅವಳು ಹಳೆಯ ಬರಹಗಳನ್ನೆಲ್ಲ ಹಿಂದಕ್ಕೆ ಹಿಂದಕ್ಕೆ ತಿರುವುತ್ತಾ ಹೋದಳು. ಕೊನೆಗೆ ಮೊಟ್ಟಮೊದಲನೆಯದು ಸಿಕ್ಕಿತು. ಫೋರಂನ ಒಂದು ಮೂಲೆಯಲ್ಲಿ ಯಾರೋ ಅಪರಿಚಿತ ಹಾಕಿದ್ದ ಫೋಟೋ.

ಅದು ಅವಳೇ ತೆಗೆದ ಫೋಟೋ!

ಹನ್ನೊಂದನೆಯ ಶುಕ್ರವಾರದ ಪ್ರಕಟಣೆಗೆ, ಕೆಲಸ ಮಾಡುವವರ ಮುಖವನ್ನೂ ಆಟಗಾರರು ನೋಡಲಿ ಎಂದು, ಪ್ರೋಗ್ರಾಮರುಗಳ ಒಂದು ಫೋಟೋ ಸೇರಿಸಿದ್ದಳು. ಅವರ ಬೆನ್ನ ಹಿಂದೆ ಬಿಳಿ ಬೋರ್ಡು. ಯಾರೋ ಆ ಬೋರ್ಡನ್ನು ದೊಡ್ಡದು ಮಾಡಿ ನೋಡಿದ್ದರು. ಹಸಿರು ಅಕ್ಷರಗಳು, ಸ್ಪಷ್ಟವಾಗಿ. *ಸೇತುವೆ, ದಡ ಎರಡೂ ತೆಗೆಯುವುದು.*

ಸಮಯ ನೋಡಿದಳು. ಶುಕ್ರವಾರ, ನಾಲ್ಕು ಗಂಟೆ ನಲವತ್ತು ನಿಮಿಷ.

ಅವಳು ಬೆಂಚಿನ ಮೇಲೆ ಅವನಿಗೆ ಗುಟ್ಟು ಹೇಳಿದಾಗ ಐದೂವರೆ ದಾಟಿತ್ತು.

"ಅಯ್ಯೋ..." ಕೈ ಬಾಯಿಗೆ ಹೋಯಿತು.

ಫೋನ್ ತೆಗೆದು, ಹದಿನೇಳು ದಿನದಿಂದ ತೆರೆಯದ ಆ ಉತ್ತರ ತೆರೆದಳು.

"ನಾನು ಹೇಳಿಲ್ಲ. ನಿಮಗೆ ಈಗ ಕೇಳೋ ಮನಸ್ಸಿಲ್ಲ ಅಂತ ಗೊತ್ತು. ಮತ್ತೆ ಶುಕ್ರವಾರ ಬೆಂಚಿನ ಹತ್ರ ಇರ್ತೀನಿ."

ಅದರ ಕೆಳಗೆ ಎರಡು ಶುಕ್ರವಾರಗಳ ಎರಡು ಸಾಲು. ಎರಡರಲ್ಲೂ ಒಂದೇ ಮಾತು.

"ಏನೂ ಇಲ್ಲ. ನಾನಿದ್ದೀನಿ."

ಅವಳು ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

* * *

"ಗುಟ್ಟು ಬಿಟ್ಟುಕೊಟ್ಟವಳು ನಾನೇ ಮೇಡಂ. ಫೋಟೋದಲ್ಲಿ ಬೋರ್ಡು ಬಿದ್ದಿದೆ. ಇನ್ನೂ ಒಂದಿದೆ... ಅದೇ ದಿನ ಸಂಜೆ ಹೊರಗಿನವರೊಬ್ಬರಿಗೆ ಬಾಯಿಬಿಟ್ಟೂ ಹೇಳಿದ್ದೆ. ಅವರು ಯಾರಿಗೂ ಹೇಳಿಲ್ಲ. ಆದ್ರೂ ನಾನು ಹೇಳ್ಬಾರ್ದಿತ್ತು."

ಹೆಡ್ ಮೇಡಂ ಫೋಟೋವನ್ನೇ ನೋಡಿ, ಹಣೆ ಚಚ್ಚಿಕೊಂಡರು. "ಇದಕ್ಕೆ 'ಚೆನ್ನಾಗಿದೆ, ಹಾಕು' ಅಂದೋಳು ನಾನೇ ಕಣೇ! ಇನ್ನೊಂದಕ್ಕೆ ಮಾತ್ರ ನೀನೊಬ್ಬಳೇ ಬೈಸ್ಕೋಬೇಕು. ಅದು ಆಮೇಲೆ. ಈಗ ಹೋಗು, ಇರೋದನ್ನ ಇರೋ ಹಾಗೆ ಬರಿ."

ಹನ್ನೆರಡನೆಯ ಪ್ರಕಟಣೆಯನ್ನು ಒಂಬತ್ತು ಸಲ ಬರೆದು ಅಳಿಸಿದಳು. ಕೊನೆಗೆ ಉಳಿದದ್ದು ಇಷ್ಟು. *ಸೇತುವೆ ಸರಿಯಾಗದು ಎಂಬುದು ನಿಜ. ಅದನ್ನು ನೀವು ನಮ್ಮಿಂದ ಕೇಳಬೇಕಿತ್ತು, ನನ್ನ ಅಜಾಗರೂಕತೆಯ ಫೋಟೋದಿಂದ ಅಲ್ಲ. ಕ್ಷಮಿಸಿ. ದಡವನ್ನು ಉಳಿಸಿಕೊಳ್ಳಲು ಆಗುತ್ತದೆಯೇ, ಇನ್ನೂ ಗೊತ್ತಿಲ್ಲ. ನಿಮ್ಮಲ್ಲೊಬ್ಬರ ಮೇಲೆ ನಾನು ಸುಮ್ಮನೆ ಅನುಮಾನ ಪಟ್ಟೆ. ಅವರ ಕ್ಷಮೆಯನ್ನು ಎದುರು ನಿಂತು ಕೇಳುತ್ತೇನೆ.*

ಶುಕ್ರವಾರಕ್ಕೆ ಇನ್ನೂ ಮೂರು ದಿನವಿತ್ತು. ಅಷ್ಟು ದಿನ ಅವನನ್ನು ಕಾಯಿಸಲು ಅವಳಿಂದಾಗಲಿಲ್ಲ. ಲಿಫ್ಟ್ ಕಂಪನಿಗೆ ಫೋನ್ ಮಾಡಿ, ಅವನು ಎಲ್ಲಿದ್ದಾನೆಂದು ಕೇಳಿಕೊಂಡು ಓಡಿದಳು.

ಆರು ಮಹಡಿಯ ಕಟ್ಟಡ. ಲಿಫ್ಟ್ ಬಾಗಿಲಿಗೆ ಕೈಬರಹದ ಕಾಗದ ಅಂಟಿಸಿತ್ತು. 'ಹಗ್ಗ ಬದಲಿಸ್ತಿದ್ದೀವಿ. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ನಾಲ್ಕು ಗಂಟೆಗೆ ಮತ್ತೆ ಹೇಳ್ತೀನಿ.' ನಗುವೂ ಅಳುವೂ ಒಟ್ಟಿಗೇ ಬಂದವು. ಕೈಬರಹ ಗೊತ್ತಿರಲಿಲ್ಲ, ಆದರೆ ಆ ಮೂರು ಮಾತು ಬೇರೆ ಯಾರದೂ ಆಗಿರಲು ಸಾಧ್ಯವಿರಲಿಲ್ಲ.

ಮೂರನೆಯ ಮಹಡಿಯಲ್ಲಿ, ಮುಚ್ಚಿದ ಬಾಗಿಲ ಹಿಂದೆ ಸುತ್ತಿಗೆಯ ಸದ್ದು ಕೇಳಿಸಿತು.

"ಒಳಗಿದ್ದೀರಾ?"

ಸದ್ದು ನಿಂತಿತು. "ಯಾರದು?"

"ನಾನು... ಪ್ರಕಟಣೆ."

ಒಳಗೆ ಸುತ್ತಿಗೆ ಕಬ್ಬಿಣಕ್ಕೆ ತಗುಲಿದ ಸದ್ದಾಯಿತು.

"ಲಿಫ್ಟಿನ ತಲೆ ಮೇಲೆ ನಿಂತಿದ್ದೀನಿ. ಇಪ್ಪತ್ತು ನಿಮಿಷ ಕೈ ಬಿಡೋ ಹಾಗಿಲ್ಲ," ಎಂದ ಅವನು. ಧ್ವನಿಯಲ್ಲಿ ಏನಿದೆಯೋ ತಿಳಿಯಲಿಲ್ಲ.

"ಕಾಯ್ತೀನಿ."

"ಸುಮ್ನೆ ಕಾಯ್ಬೇಡಿ. ಹದಿನೆಂಟು ದಿನ ಸುಮ್ನಿದ್ದದ್ದು ಸಾಕು. ಮಾತಾಡಿ."

ಅವಳು ತಣ್ಣನೆಯ ಬಾಗಿಲಿಗೆ ಹಣೆಯಿಟ್ಟಳು.

"ಗೊತ್ತಿರೋದು ಹೇಳ್ತೀನಿ. ಗುಟ್ಟು ಹೊರಬಿದ್ದದ್ದು ನನ್ನ ಫೋಟೋದಿಂದ. ನಿಮ್ಮ ಮಾತು ಕೇಳದೇ ಬಾಗಿಲು ಹಾಕ್ಕೊಂಡೆ. ಅದು ಫೋಟೋಗಿಂತ ದೊಡ್ಡ ತಪ್ಪು." ಅವಳು ಬಾಗಿಲಿನ ಮೇಲೆ ಅಂಗೈಯೂರಿದಳು. "ಗೊತ್ತಿಲ್ದೇ ಇರೋದು... ನೀವು ಕ್ಷಮಿಸ್ತೀರೋ ಇಲ್ವೋ. ಮತ್ತೆ ಯಾವಾಗ ಮಾತಾಡ್ತೀನಿ ಅಂದ್ರೆ... ಐದು ನಿಮಿಷಕ್ಕೊಂದ್ಸಲ. ನೀವು ಬಾಗಿಲು ತೆಗೆಯೋವರೆಗೂ."

ಮೆಟ್ಟಿಲು ಹತ್ತಿ ಬರುತ್ತಿದ್ದ ಹಿರಿಯರೊಬ್ಬರು ಏದುಸಿರು ಬಿಡುತ್ತಾ ನಿಂತರು. "ಯಾರಾದ್ರೂ ಒಳಗೆ ಸಿಕ್ಕಿಹಾಕ್ಕೊಂಡಿದ್ದಾರೇನಮ್ಮ?"

"ಇಲ್ಲ ಸರ್. ನಾನೇ ಹೊರಗೆ ಸಿಕ್ಕಿಹಾಕ್ಕೊಂಡಿದ್ದೀನಿ."

ಬಾಗಿಲ ಹಿಂದಿನಿಂದ ಒಂದು ನಗು ಕೇಳಿಸಿತು. ತಡೆದರೂ ತಡೆಯಲಾಗದೆ ಹೊರಬಿದ್ದ ನಗು. ಅವಳ ಎದೆಯ ಮೇಲಿನ ಬಂಡೆ ಅರ್ಧ ಸರಿಯಿತು.

ಐದು ನಿಮಿಷಕ್ಕೆ, "ಏನೂ ಇಲ್ಲ. ನಾನಿದ್ದೀನಿ," ಎಂದಳು. ಹತ್ತಕ್ಕೆ ಮತ್ತೆ ಅದೇ ಮಾತು. ಹದಿನೈದಕ್ಕೆ ಅವನೇ ಮೊದಲು ಕೇಳಿದ. "ಇದ್ದೀರಾ?"

"ಇದ್ದೀನಿ!"

ಕೊನೆಗೂ ಬಾಗಿಲು ಸರಿಯಿತು. ಕೆನ್ನೆಗೆಲ್ಲ ಗ್ರೀಸ್ ಬಳಿದುಕೊಂಡು ಅವನು ನಿಂತಿದ್ದ. ಕಣ್ಣು ಕೆಂಪಾಗಿತ್ತು.

"ಹೊಳೆ ದಾಟಿದ ಮೇಲೆ ಅಂಬಿಗನ ನೆನಪು ಯಾರಿಗೂ ಇರಲ್ಲ ಅಂದ್ಕೊಂಡಿದ್ದೆ," ಎಂದ ಮೆಲ್ಲಗೆ.

"ನಾನಿನ್ನೂ ದಾಟೇ ಇಲ್ವಲ್ಲ..." ಅವಳ ಕಣ್ಣೀರು ಇಳಿಯುತ್ತಲೇ ಇತ್ತು. "ಅವತ್ತು ನೀವೊಂದು ಪ್ರಶ್ನೆ ಕೇಳಿದ್ರಿ. ಉತ್ತರ ಬಾಕಿ ಇದೆ."

"ಪರಿಶೀಲನೆ ಮುಗೀತಾ?"

"ಭಾನುವಾರ. ಬೆಳಗ್ಗೆ ಹತ್ತು ಗಂಟೆಗೆ. ಅಮ್ಮ ಮನೇಲಿರ್ತಾಳೆ."

ಅವನು ಕಣ್ಣರಳಿಸಿದ. "ತಾರೀಕು ಕೊಡೋ ಹಾಗಿಲ್ಲ ಅಂತಿದ್ರಲ್ಲ?"

"ಅದು ಆಫೀಸಿನ ನಿಯಮ. ನನ್ನದಲ್ಲ."

ಅವಳ ಕಣ್ಣೀರು ಒರೆಸಲು ಕೈ ಎತ್ತಿದವನು, ಗ್ರೀಸ್ ನೋಡಿ ಅಲ್ಲೇ ತಡೆದ. ಅವಳು ಆ ಕೈಯನ್ನು ತಾನೇ ಹಿಡಿದು ಕೆನ್ನೆಗೊತ್ತಿಕೊಂಡಳು.

"ಹತ್ತು ಅಂದ್ರೆ ಹತ್ತೇನಾ? ಆಮೇಲೆ ಮುಂದಕ್ಕೆ ಹಾಕಲ್ಲ ತಾನೇ?"

"ಹತ್ತು ಅಂದ್ರೆ ಹತ್ತೇ," ಎಂದಳು ಅವಳು. "ಆದ್ರೆ ನಾನು ಒಂಬತ್ತಕ್ಕೇ ಬಾಗಿಲಲ್ಲಿ ನಿಂತಿರ್ತೀನಿ. ನೀನು ಬೇಗ ಬಾ."