ಗುಜರಿ ಕಂಪನಿಗೆ ಚೆಂಡುಹೂವಿನ ಹಾರ

ಹನ್ನೊಂದು ಕೋಟಿ ವಹಿವಾಟಿನ ಗುಜರಿ ಕಂಪನಿಯನ್ನು ಹುಡುಕಿಕೊಂಡು ಟಿ. ನರಸೀಪುರಕ್ಕೆ ಹೋದೆವು. ಸಿಕ್ಕಿದ್ದು ಒಂದು ಹೆಂಚಿನ ಮನೆ. ಜಗುಲಿಯ ಮೇಲೆ ಹತ್ತಿಯ ರಾಶಿ. ಅದರ ಪಕ್ಕ ಕೂತು ಒಬ್ಬ ಹೆಂಗಸು ದೀಪಕ್ಕೆ ಹೂಬತ್ತಿ ಹೊಸೆಯುತ್ತಿದ್ದಳು.

ನಯನ ಮೇಡಂ ಕೈಯಲ್ಲಿದ್ದ ಕಾಗದ ನೋಡಿದರು. ಮನೆಯ ನಂಬರ್ ನೋಡಿದರು. ಮತ್ತೆ ಕಾಗದ ನೋಡಿದರು.

"ಕೋಮಲ ಅಂದ್ರೆ ನೀವೇನಾ?"

"ಹೂಂ ಮೇಡಂ."

"ಕೋಮಲ ಸ್ಕ್ರ್ಯಾಪ್ ಟ್ರೇಡರ್ಸ್?"

ಹೆಂಗಸಿನ ಕೈ ನಿಂತಿತು. "ಅದ್ಯಾವ್ದು ಮೇಡಂ? ನಾನು ಬತ್ತಿ ಮಾರೋಳು. ಫೋನ್‌ನಾಗೆ ಆರ್ಡರ್ ಬತ್ತದೆ, ಪ್ಯಾಕ್ ಮಾಡಿ ಕಳುಸ್ತೀನಿ. ಕಬ್ಬಿಣ ಅಂದ್ರೆ ಈ ಮನೇಲಿರೋದು ಒಂದು ಮಚ್ಚು, ಒಂದು ಈಳಿಗೆಮಣೆ."

ನಾನು ಮಹಾದೇವಸ್ವಾಮಿ, ತೆರಿಗೆ ಕಚೇರಿಯ ಜೀಪಿನ ಚಾಲಕ. ಇಪ್ಪತ್ತೆರಡು ವರ್ಷದಿಂದ ಅಧಿಕಾರಿಗಳನ್ನು ಹೊತ್ತು ತಿರುಗಿದ್ದೇನೆ. ಕಳ್ಳಬಿಲ್ಲಿನವರನ್ನು ನಾನು ಬಾಗಿಲಲ್ಲೇ ಗುರುತಿಸಬಲ್ಲೆ. ಅವರು ಮೊದಲು ಕಾಫಿ ತರಿಸುತ್ತಾರೆ. ಈಕೆಗೆ ನಮ್ಮನ್ನು ಕೂರಿಸುವುದೂ ಮರೆತುಹೋಗಿತ್ತು.

ಕಾಗದದ ಪ್ರಕಾರ ಕೋಮಲ ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆ ಸುಮಾರು ಎರಡು ಕೋಟಿ. ಹೋದ ತಿಂಗಳೇ ಅವಳ ಬ್ಯಾಂಕ್ ಖಾತೆ ಜಪ್ತಿಯಾಗಿತ್ತು. ಬತ್ತಿ ಮಾರಿದ ಆರು ಸಾವಿರವೂ ಅದರೊಳಗೇ ಸಿಕ್ಕಿಕೊಂಡಿತ್ತು. ಸೋಮವಾರ ಮನೆಯ ಜಪ್ತಿ. ಆ ಆದೇಶಕ್ಕೆ ಸಹಿ ಹಾಕಬೇಕಾದವರು ನಯನ ಮೇಡಂ. ಇನ್ನು ಮೂರೇ ದಿನ.

"ನಂಗೆ ಇರೋದು ಇದೊಂದೇ ಮನೆ ಮೇಡಂ. ಗಂಡನೂ ಇಲ್ಲ." ಕೋಮಲ ದನಿ ತಗ್ಗಿಸಿದಳು. "ನೆನ್ನೆ ಯಾರೋ ಫೋನ್ ಮಾಡಿದ್ರು. ಆಫೀಸ್ನೋರು ಬಂದ್ರೆ ಕಂಪ್ನಿ ನಂದೇ ಅನ್ನು ಅಂದ್ರು."

"ಇಲ್ಲದಿದ್ರೆ?"

"ಈ ಸಲ ಒಳೇಲಿ ನೀರು ಜಾಸ್ತಿ ಅದೆ, ಉಸಾರು ಅಂದ್ರು."

ಮೇಡಂ ಮುಖ ಬಿಳಿಚಿಕೊಂಡಿತು.

*

ಜೀಪು ನಂಜನಗೂಡಿನ ರಸ್ತೆಗೆ ಇಳಿದ ಮೇಲೆ ಅವರೇ ಬಾಯಿ ಬಿಟ್ಟರು.

"ಬದನವಾಳಿನ ಚಿಕ್ಕಮಾದು ನೆನಪಿದ್ದಾನಾ?"

ನೆನಪಿಲ್ಲದೆ ಏನು? ಕೈಮಗ್ಗದ ಟವೆಲ್ಲುಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತಿದ್ದ ಸಾಧು ಮನುಷ್ಯ. ಅವನ ಹೆಸರಿನಲ್ಲಿ ಸಿಮೆಂಟ್ ಕಂಪನಿ ಇದೆಯೆಂದು ಮಾರ್ಚಿನಲ್ಲಿ ನೋಟಿಸ್ ಹೋಯಿತು. ನಾಲ್ಕನೇ ದಿನ ಹೆಣ ಕಪಿಲಾ ಹೊಳೆಯಲ್ಲಿ ತೇಲಿತು. ಆತ್ಮಹತ್ಯೆ ಎಂದು ಪೊಲೀಸರು ಬರೆದುಕೊಂಡರು.

"ಆ ನೋಟಿಸಿಗೆ ಸಹಿ ಹಾಕಿದ್ದು ನಾನು. ಮನೆ ಹತ್ರ ಹೋಗಿ ಒಂದ್ಸಲ ನೋಡಿದ್ರೆ ಸಾಕಿತ್ತು. ನೋಡ್ಲಿಲ್ಲ." ಅವರು ಕಿಟಕಿಯಾಚೆ ತಿರುಗಿದರು. "ಈ ಸಲ ಹಾಗೆ ಆಗಬಾರದು."

ನನಗೆ ಮನೆಯ ನೆನಪಾಯಿತು. ನನ್ನ ಹೆಂಡತಿ ಹೇಮಲತಾ ಕೂಡ ಫೋನಿನಲ್ಲೇ ಚಟ್ನಿಪುಡಿ ಮಾರುತ್ತಾಳೆ. ಅವಳಿಗೆ ತೆರಿಗೆ ಎಂದರೆ ಗಂಡನ ಆಫೀಸು, ಅಷ್ಟೇ.

*

ಕೋಮಲ, ಚಿಕ್ಕಮಾದು ಹೆಸರಿನ ಎರಡೂ ಕಂಪನಿಗಳ ಜಿಎಸ್‌ಟಿ ಅರ್ಜಿಯಲ್ಲಿ ಒಂದೇ ಲೆಟರ್‌ಹೆಡ್ ಇತ್ತು: ಗುರುಮಲ್ಲಪ್ಪ, ತೆರಿಗೆ ಸಲಹೆಗಾರರು, ನಂಜನಗೂಡು. ನೇರ ಅವರ ಕಚೇರಿಗೇ ಹೋದೆವು. ಮುದುಕ ಕನ್ನಡಕ ಏರಿಸಿ ಅರ್ಜಿ ನೋಡಿ ಕೆಂಡಾಮಂಡಲವಾದ.

"ಲೆಟರ್‌ಹೆಡ್ ನಂದು. ಸಹಿ ನಂದಲ್ಲ. ಹೂಬತ್ತಿಗೆ ತೆರಿಗೇನೇ ಇಲ್ಲ ಕಣಮ್ಮ! ಈ ಹೆಣ್ಮಗಳ ಗಂಡ ಶಿವು ಎರಡು ವರ್ಷದ ಹಿಂದೆ ಬಂದಿದ್ದ. ಬತ್ತಿ ಬಿಟ್ಟು ಬೇರೆ ಏನೂ ಮಾರಲ್ಲ ಅಂದ್ರೆ ನಿಂಗೆ ಜಿಎಸ್‌ಟಿ ನಂಬರ್ ಬೇಡ ಹೋಗಪ್ಪ ಅಂದೆ. ಇವರ ಬತ್ತಿ ಮಾರಿಕೊಡೋ ಆನ್‌ಲೈನ್ ಕಂಪನಿಗೂ ಹಾಗಂತ ಬರೆದುಕೊಟ್ಟೆ. ಫೀಸೂ ಇಸ್ಕೊಳ್ಳಲಿಲ್ಲ."

ಹೊರಗೆ ಬಂದು ನಾನೆಂದೆ: "ಇವನೇ ಮೇಡಂ. ಬಾಯಿ ಜೋರು ಮಾಡೋರೇ ಕಳ್ಳರು."

"ಕಳ್ಳಬಿಲ್ಲು ಮಾಡೋನು ತನ್ನ ಹೆಸರು, ವಿಳಾಸ ಅಚ್ಚು ಹಾಕಿ ಕೊಡ್ತಾನಾ? ಆದ್ರೆ ಒಂದು ಒಳ್ಳೇ ಮಾತು ಹೇಳಿದ್ರು. ಬತ್ತಿಗೆ ನಂಬರೇ ಬೇಡ. ಅಂದ್ಮೇಲೆ ನಂಬರ್ ಮಾಡಿಸಿದವನು ಅವಳಿಗೆ ಸಹಾಯ ಮಾಡೋಕೆ ಮಾಡಿಸಿಲ್ಲ. ಅವನಿಗೆ ಬೇಕಾಗಿದ್ದು ಅವಳ ಹೆಸರು ಮಾತ್ರ."

*

ಮರುದಿನ ಕಚೇರಿಯಲ್ಲಿ ಮೇಡಂ ನನ್ನನ್ನು ಕಂಪ್ಯೂಟರ್ ಮುಂದೆ ಕರೆದರು. ಅರ್ಜಿಯ ಜೊತೆ ಕಂಪನಿ ಜಾಗದ ಫೋಟೊ ಕೊಡಬೇಕು, ಬೋರ್ಡಿನ ಸಮೇತ. ಕೋಮಲಳ ಮನೆಯ ಬಾಗಿಲ ಬಳಿ ಮರದ ಚೌಕಟ್ಟು ನಿಲ್ಲಿಸಿ ಕಂಪನಿಯ ಬೋರ್ಡು ಕಟ್ಟಿದ್ದರು. ಚೌಕಟ್ಟಿನ ತುದಿಯಲ್ಲಿ ಬಾಡಿದ ಚೆಂಡುಹೂವಿನ ಹಾರ.

"ಗುಜರಿ ಕಂಪನಿ ಬೋರ್ಡಿಗೆ ಹಾರ ಯಾಕೆ?"

"ಆಯುಧಪೂಜೆ ಇರ್ಬೇಕು ಮೇಡಂ."

"ಈ ಅರ್ಜಿ ಹೋದ ವರ್ಷದ ಜೂನ್‌ದು. ಜೂನ್‌ನಲ್ಲಿ ಆಯುಧಪೂಜೆನಾ?"

ನಾನು ಬಗ್ಗಿ ನೋಡಿದೆ. ಹೊಸ್ತಿಲ ಮುಂದೆ ರಂಗೋಲಿ ಇರಲಿಲ್ಲ. ನೀರು ಹಾಕಿದ ಗುರುತೂ ಇರಲಿಲ್ಲ.

"ಮೇಡಂ, ಇದು ಸೂತಕದ ಮನೆ."

ನಮ್ಮ ಕಡೆ ಯಾರಾದರೂ ಸತ್ತರೆ ಮನೆ ಮುಂದೆ ಭಾವಪೂರ್ಣ ಶ್ರದ್ಧಾಂಜಲಿ ಎಂದು ಫ್ಲೆಕ್ಸ್ ನಿಲ್ಲಿಸುತ್ತಾರೆ. ಸತ್ತವರ ಫೋಟೊ, ಅದಕ್ಕೊಂದು ಹಾರ. ಫ್ಲೆಕ್ಸ್ ಮನೆಯವರದು, ಚೌಕಟ್ಟು ಅಂಗಡಿಯವನದು. ತಿಥಿ ಮುಗಿದ ಮೇಲೆ ಅವನೇ ಬಂದು ಒಯ್ಯುತ್ತಾನೆ. ಹೋದ ವರ್ಷ ನನ್ನ ಅವ್ವ ಪುಟ್ಟಬಸಮ್ಮ ತೀರಿಕೊಂಡಾಗ ನಾನೇ ಮಾಡಿಸಿದ್ದೆ.

ಮೇಡಂ ಚಿಕ್ಕಮಾದುವಿನ ಫೈಲ್ ತೆಗೆದರು. ಅಲ್ಲೂ ಬರಿದಾದ ಹೊಸ್ತಿಲು. ಅವನ ತಾಯಿ ಸತ್ತ ವಾರ ಅದು. ಅಲ್ಲೂ ಅದೇ ಚೌಕಟ್ಟು. ಎರಡೂ ಫೋಟೊದಲ್ಲಿ ಅದರ ಎಡಗಾಲು ಸೀಳಿದ್ದ ಕಡೆ ತಗಡು ಸುತ್ತಿ ಮೊಳೆ ಹೊಡೆದಿತ್ತು.

ಕೋಮಲಳಿಗೆ ಫೋನ್ ಹಚ್ಚಿದರು. "ಯಜಮಾನರ ಫ್ಲೆಕ್ಸ್ ಯಾರು ಮಾಡಿಕೊಟ್ಟಿದ್ದು?"

"ನಂಜನಗೂಡಿನ ರುದ್ರೇಶಣ್ಣ ಮೇಡಂ. ಪಾಪ, ಒಳ್ಳೇವ್ರು. ಕಾಸೂ ಕಮ್ಮಿ ಇಸ್ಕಂಡ್ರು."

"ಫೋಟೊ ಹೇಗೆ ಕೊಟ್ರಿ?"

"ಅವ್ರೇ ಆರುಸ್ಕತೀನಿ ಅಂದ್ರು. ನನ್ ಫೋನ್ ಇಸ್ಕಂಡು ಒಂದರ್ಧ ಗಂಟೆ ಮಡಿಕ್ಕಂಡಿದ್ರು. ಆ ಹನ್ನೊಂದು ದಿನ ನಂಗೆ ಪರಿವೆ ಎಲ್ಲಿತ್ತು ಮೇಡಂ?"

ಮೇಡಂ ಫೋನ್ ಕೆಳಗಿಟ್ಟರು. ಅವ್ವನ ಫ್ಲೆಕ್ಸ್ ಮಾಡಿಸಿದ್ದು ಅದೇ ಅಂಗಡಿಯಲ್ಲಿ. ಹೇಳೋಣವೆಂದುಕೊಂಡೆ. ಧೈರ್ಯ ಬರಲಿಲ್ಲ.

*

ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ರುದ್ರೇಶ್ ಎದ್ದು ನಿಂತು ಕೈ ಮುಗಿದ. ಮೇಡಂ ಕರೆಸಿಕೊಂಡಿದ್ದ ಸಬ್‌ಇನ್‌ಸ್ಪೆಕ್ಟರನ್ನು ಕಂಡರೂ ಅವನ ನಗು ಮಾಸಲಿಲ್ಲ.

"ಬನ್ನಿ ಸ್ವಾಮಣ್ಣ. ಮನೇಲಿ ಎಲ್ಲ ಆರೋಗ್ಯನಾ?" ಎಂದು ನನ್ನನ್ನು ಕೇಳಿದ.

"ಗುರುಮಲ್ಲಪ್ಪನವರ ಲೆಟರ್‌ಹೆಡ್ ಅಚ್ಚು ಹಾಕೋದು ನೀವೇನಾ?" ಎಂದರು ಮೇಡಂ.

"ಊರಿನ ಎಲ್ರದ್ದೂ ನಾವೇ ಮೇಡಂ."

ಮೇಡಂ ಗೋಡೆಗೆ ಒರಗಿಸಿದ್ದ ಚೌಕಟ್ಟುಗಳನ್ನು ಒಂದೊಂದಾಗಿ ಸರಿಸಿದರು. ಆರನೆಯದರ ಎಡಗಾಲಿಗೆ ತಗಡಿನ ಪಟ್ಟಿ ಇತ್ತು. ಅದರ ಪಕ್ಕ ಎರಡು ಫೋಟೊ ಹಿಡಿದರು.

"ಶಿವು ಸತ್ತಾಗ ಇದು ಕೋಮಲ ಮನೆ ಮುಂದೆ ಇತ್ತು. ಚಿಕ್ಕಮಾದು ತಾಯಿ ಸತ್ತಾಗ ಅವನ ಮನೆ ಮುಂದೆ. ಒಯ್ಯೋಕೆ ಬಂದ ದಿನ ಸತ್ತವರ ಫ್ಲೆಕ್ಸ್ ಬಿಚ್ಚಿ ಕಂಪನಿ ಬೋರ್ಡ್ ಕಟ್ಟಿ ಫೋಟೊ ಹೊಡೆದೆ. ಹಾರ ತೆಗೆಯೋದು ಮರೆತೆ."

"ಚೌಕಟ್ಟು ಬಾಡಿಗೆಗೆ ಹೋಗುತ್ತೆ ಮೇಡಂ. ಯಾರು ಏನು ಕಟ್ಟಿದ್ರೋ ನಂಗೇನು ಗೊತ್ತು?"

ಸಬ್‌ಇನ್‌ಸ್ಪೆಕ್ಟರ್ ತಮ್ಮ ಮೊಬೈಲ್ ತೆಗೆದು, ಕೋಮಲಳನ್ನು ಹೆದರಿಸಿದ್ದ ನಂಬರನ್ನು ಒತ್ತಿದರು. ಮೇಜಿನ ಡ್ರಾಯರಿನೊಳಗೆ ಫೋನು ಗುರುಗುಟ್ಟಿತು. ರುದ್ರೇಶನ ನಗು ಆಗ ನಿಂತಿತು.

"ಆನ್‌ಲೈನ್‌ನಲ್ಲಿ ಮಾರೋರ ಫೋನಲ್ಲೇ ಆಧಾರ್, ಪ್ಯಾನ್, ಕರೆಂಟ್ ಬಿಲ್ ಎಲ್ಲ ಇರುತ್ತೆ," ಎಂದರು ಮೇಡಂ. "ಫೋಟೊ ಹುಡುಕೋ ನೆಪದಲ್ಲಿ ಎಲ್ಲ ಕಳಿಸ್ಕೊಂಡೆ. ಒಟಿಪಿನೂ ಅದರಲ್ಲೇ ಬಂತು. ಅಳೋ ಮನೇಲಿ ಯಾರು ಮೆಸೇಜ್ ನೋಡ್ತಾರೆ? ಆಮೇಲೆ ಆ ಹೆಸರಲ್ಲಿ ಸುಳ್ಳು ಬಿಲ್ ಬರೆದು ದೊಡ್ಡ ವ್ಯಾಪಾರಿಗಳಿಗೆ ಮಾರಿದೆ. ತೆರಿಗೆ ಅವರಿಗೆ ಉಳೀತು, ಕಮಿಷನ್ ನಿಂಗೆ ಬಂತು, ನೋಟಿಸ್ ಇವರಿಗೆ ಹೋಯ್ತು."

"ನಾನು ಯಾರನ್ನೂ ಸಾಯ್ಸಿಲ್ಲ," ಎಂದ ರುದ್ರೇಶ್.

"ಚಿಕ್ಕಮಾದುಗೂ ಇದೇ ನಂಬರಿಂದ ಆರು ಸಲ ಫೋನ್ ಹೋಗಿದೆಯಲ್ಲೋ," ಎಂದರು ಸಬ್‌ಇನ್‌ಸ್ಪೆಕ್ಟರ್.

ರುದ್ರೇಶ್ ತಲೆ ತಗ್ಗಿಸಿದ. ನನಗೆ ಅವನ ಕೊರಳಪಟ್ಟಿ ಹಿಡಿಯಬೇಕೆನ್ನಿಸಿತು. ನಮ್ಮ ಅವ್ವನ ಹೆಣದ ಮುಂದೆ ಕಣ್ಣೀರು ಹಾಕಿದವನು ಇವನು.

ಅವನ ಕಂಪ್ಯೂಟರಿನಲ್ಲಿ ಅಂಥ ಒಂಬತ್ತು ಕಂಪನಿಗಳ ಹೆಸರುಗಳಿದ್ದವು. ಮೇಡಂ ಓದುತ್ತಾ ಹೋಗಿ ಎಂಟನೆಯದಕ್ಕೆ ನಿಂತರು. ಪರದೆಯನ್ನು ನನ್ನ ಕಡೆ ತಿರುಗಿಸಿದರು.

ಹೇಮಲತಾ ಸಿಮೆಂಟ್ಸ್, ತಾಂಡವಪುರ.

ಹೆಸರಿನ ಪಕ್ಕದ ಫೋಟೊದಲ್ಲಿ, ಬೋರ್ಡಿನ ಹಿಂದೆ ನಮ್ಮ ಮನೆಯ ಹಸಿರು ಬಾಗಿಲು ಕಾಣುತ್ತಿತ್ತು.

*

ಸೋಮವಾರ ಮೇಡಂ ಕೋಮಲಳ ಖಾತೆಯ ಜಪ್ತಿ ತೆರವು ಮಾಡಿದರು. ಮನೆಯ ಫೈಲಿನ ಮೇಲೆ ಕೈಬಿಡಲಾಗಿದೆ ಎಂದು ಬರೆದರು. ಚಿಕ್ಕಮಾದುವಿನ ಫೈಲಿಗೂ ಅದನ್ನೇ ಬರೆಯಬೇಕಿತ್ತು. ಬರೆದ ಮೇಲೆ ಕಣ್ಣೊರೆಸಿಕೊಂಡರು.

ಅದರ ಕೆಳಗೆ ಮುಂದಿನ ವಾರ ಕಳಿಸಬೇಕಿದ್ದ ನೋಟಿಸುಗಳಿದ್ದವು. ಆಗಲೇ ಟೈಪಾಗಿದ್ದವು, ಸಹಿ ಮಾತ್ರ ಬಾಕಿ. ಮೇಲಿನದೇ ಹೇಮಲತಾಳದು. ಒಂದು ಕೋಟಿ ನಲವತ್ತು ಲಕ್ಷ. ಅದನ್ನು ಕೊಡಲು ತಾಂಡವಪುರಕ್ಕೆ ಜೀಪು ಓಡಿಸಬೇಕಾಗಿದ್ದವನು ನಾನೇ.

ಹೊರಗೆ ಬಂದು ಮನೆಗೆ ಫೋನ್ ಮಾಡಿದೆ.

"ಊಟ ಆಯ್ತಾ?" ಎಂದೆ.

"ಹನ್ನೊಂದು ಗಂಟೆಗೆ ಊಟನಾ? ಏನಾಯ್ತು ನಿಮ್ಗೆ?" ಎಂದು ಹೇಮಲತಾ ನಕ್ಕಳು.

"ನಾನು ಬರೋವರೆಗೂ ಫೋನ್ ಯಾರ ಕೈಗೂ ಕೊಡ್ಬೇಡ," ಎಂದೆ.