ಹನ್ನೊಂದು ಗಂಟೆಯ ಡಬ್ಬಿ

ಆ ಮಂಗಳವಾರ ಮಧ್ಯಾಹ್ನ ಒಂದು ಗಂಟೆಗೆ ದೊಡ್ಡಕ್ಕನ ಬಾಗಿಲು ಬಡಿದವಳು ಮೂರನೆಯ ಮಹಡಿಯ ಟೈಪಿಸ್ಟ್ ಹುಡುಗಿ. ಅವಳು ಅಳುತ್ತಲೇ ಸುದ್ದಿ ಹೇಳಿದಳು. ದೊಡ್ಡಕ್ಕನ ತಮ್ಮ, ಲಿಫ್ಟಿನೊಳಗೆ ತನ್ನ ಸ್ಟೂಲಿನ ಮೇಲೆಯೇ, ಗೋಡೆಗೆ ಒರಗಿಕೊಂಡು ಪ್ರಾಣ ಬಿಟ್ಟಿದ್ದ.

ಏಳು ಮಹಡಿಯ ಆ ಕಚೇರಿ ಕಟ್ಟಡದಲ್ಲಿ ಇಪ್ಪತ್ತೆಂಟು ವರ್ಷ ಲಿಫ್ಟ್ ನಡೆಸಿದವನು. ಎಲ್ಲರಿಗೂ ಲಿಫ್ಟಣ್ಣ. ಸಕ್ಕರೆ ಕಾಯಿಲೆಯವನು; ಬೆಳಿಗ್ಗೆ ಸೂಜಿಮದ್ದು ಚುಚ್ಚಿಕೊಂಡು ತಿಂಡಿ ತಿಂದರೆ ಊಟ ಒಂದು ಗಂಟೆಗೆ. ನಡುವೆ ಹನ್ನೊಂದಕ್ಕೆ ಹೊಟ್ಟೆಗೆ ಏನಾದರೂ ಬೀಳದಿದ್ದರೆ ಕೈ ನಡುಗಿ ಬೆವರುತ್ತಿದ್ದ. ಅದಕ್ಕೆಂದೇ ಅಕ್ಕ ದಿನವೂ ಅಂಗೈಯಗಲದ ತಗಡಿನ ಡಬ್ಬಿ ತುಂಬಿ ಅವನ ಕೋಟಿನ ಜೇಬಿಗಿಡುತ್ತಿದ್ದಳು. ಅವನಿಗೆ ದವಡೆ ಹಲ್ಲು ಒಂದೂ ಇರಲಿಲ್ಲ. ಹುರಿದ ಕಡಲೆಬೀಜ, ಹುರಿಗಡಲೆ ಕುಟ್ಟಿ, ಬೀಜ ತೆಗೆದ ಖರ್ಜೂರದಲ್ಲಿ ಕಲಸಿ, ಗೋಲಿಯಷ್ಟು ಗಾತ್ರದ ಮೆತ್ತನೆಯ ಉಂಡೆ ಕಟ್ಟುತ್ತಿದ್ದಳು. ಅವನಿಗೆ ಕೆಮ್ಮಿತ್ತೆಂದು ಅಂದು ಮೊದಲ ಸಲ ಚಿಟಿಕೆ ಒಣಶುಂಠಿಯನ್ನೂ ಬೆರೆಸಿದ್ದಳು.

ಕಟ್ಟಡದ ಮ್ಯಾನೇಜರ್ ಅವಳನ್ನು ತನ್ನ ಕೋಣೆಯಲ್ಲಿ ಕೂರಿಸಿ ಡಬ್ಬಿಯನ್ನು ಮುಂದಿಟ್ಟ.

"ಲಿಫ್ಟಲ್ಲಿ ಯಾರೂ ತಿನ್ನಬಾರದು ಅಂತ ನಿನ್ನೆ ತಾನೇ ಬೋರ್ಡ್ ಹಾಕ್ಸಿದ್ದೆ ಕಣಮ್ಮ. ಆದ್ರೂ ನಿಮ್ಮ ತಮ್ಮನಿಗೆ ಮಾತ್ರ ಬೇಡ ಅನ್ನಲಿಲ್ಲ. ಡಬ್ಬಿ ಅವನ ಜೇಬಲ್ಲೇ ಇತ್ತು, ತುಂಬಿದ್ದು ತುಂಬಿದ ಹಾಗೇ. ಸಕ್ಕರೆ ಇಳಿದು ಹೃದಯ ನಿಂತುಹೋಯ್ತು ಅಂದ್ರು ಡಾಕ್ಟರು. ಶುಂಠಿ ಗಿಂಠಿ ಹಾಕಿಕೊಟ್ರೆ ಯಾರು ತಿಂತಾರೆ ಹೇಳಿ?"

ಆ ಮಾತು ದೊಡ್ಡಕ್ಕನ ಎದೆಗೆ ಮುಳ್ಳಾಗಿ ನಾಟಿತು. ಮ್ಯಾನೇಜರ್ ಮೇಜಿನ ಮೇಲಿದ್ದ ಗಾಜಿನ ಜಾಡಿಯನ್ನು ಅವಳತ್ತ ಸರಿಸಿದ. "ತಗೊಳ್ಳಿ, ನಾಲ್ಕು ಬಾದಾಮಿ ಬಾಯಿಗೆ ಹಾಕ್ಕೊಳ್ಳಿ. ಬನ್ನು ಬಿಸ್ಕತ್ತು ಬಿಟ್ಟು ಇದನ್ನೇ ತಿನ್ನು ಅಂದಿದಾರೆ ನನ್ನ ಡಾಕ್ಟರು."

ಚಹಾ ತಂದಿದ್ದ ಕ್ಯಾಂಟೀನಮ್ಮ ಜಾಡಿ ನೋಡಿ ಹುಬ್ಬೇರಿಸಿದಳು. "ಬೆಳಿಗ್ಗೆ ತಾನೇ ಬಾದಾಮಿ, ಕಡಲೆಬೀಜ ಕುತ್ತಿಗೆಮಟ್ಟ ತುಂಬಿಸಿದ್ದೆನಲ್ಲ ಸಾರ್! ಆಗ್ಲೇ ಅರ್ಧ ಆಯ್ತಾ?"

"ನಿನ್ನ ಕೆಲಸ ನೋಡ್ಕೋ" ಎಂದು ಗದರಿ, ಅವನು ಒಂದು ಕಾಗದವನ್ನು ದೊಡ್ಡಕ್ಕನ ಮುಂದೆ ಹಿಡಿದ. ಸ್ವಂತ ಅಲಕ್ಷ್ಯದಿಂದಲೇ ಸಾವು ಸಂಭವಿಸಿದೆ, ಕಟ್ಟಡದವರದು ಏನೂ ತಪ್ಪಿಲ್ಲ ಎಂದು ಅದರಲ್ಲಿತ್ತು. ದೊಡ್ಡಕ್ಕ ಸಹಿ ಹಾಕಲಿಲ್ಲ. ಡಬ್ಬಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಎದ್ದು ಬಂದಳು.

ಮೂರು ದಿನ ಅವಳು ಒಲೆ ಹಚ್ಚಲಿಲ್ಲ. ನನ್ನ ಶುಂಠಿಯೇ ಅವನ ಬಾಯಿ ಕಟ್ಟಿತು, ನನ್ನ ಕೈಯಾರೆ ನಾನೇ ಅವನನ್ನು ಕೊಂದೆ ಎಂದು ದೇವರ ಮುಂದೆ ಕೂತು ಒಂದೇ ಸಮನೆ ಹೇಳಿಕೊಂಡಳು. ಡಬ್ಬಿಯ ಮುಚ್ಚಳ ತೆಗೆಯಲು ಕೈಯೇ ಬರಲಿಲ್ಲ. ನಾಲ್ಕನೆಯ ದಿನ ಕಂಪೌಂಡರಜ್ಜನ ಬಾಗಿಲಿಗೆ ಬಂದಳು.

ಆ ಕಟ್ಟಡದ ನೆಲಮಹಡಿಯಲ್ಲಿ, ಮೆಟ್ಟಿಲ ಹಿಂದಿನ ಕೋಣೆಯಲ್ಲಿ, ಈ ಮುದುಕರ ವಾಸ. ನಲವತ್ತು ವರ್ಷ ಔಷಧಿ ಕಲಸಿದವರು. ಕಳೆದುಹೋದ ಬೀಗದ ಕೈಯಿಂದ ಹಿಡಿದು ಕಾಣೆಯಾದ ಕಡತದವರೆಗೆ ಎಲ್ಲ ದೂರೂ ಅವರ ಬಳಿಗೇ ಬರುತ್ತಿತ್ತು. ಬಂದದ್ದು ಬಗೆಹರಿಯದೆ ಹೋಗುತ್ತಿರಲಿಲ್ಲ.

ಎಲ್ಲವನ್ನೂ ಕೇಳಿ ಅವರು, "ಮುಚ್ಚಳ ತೆಗಿ ತಂಗಿ" ಎಂದರು.

ಅವಳು ತೆಗೆದಳು. ಒಳಗೆ ಸಿಪ್ಪೆ ಸಹಿತ ಇಡೀ ಬಾದಾಮಿ, ಇಡೀ ಕಡಲೆಬೀಜ.

"ಅಣ್ಣಾ! ಇದು ನಾನು ಕೊಟ್ಟಿದ್ದಲ್ಲ!"

ಅಜ್ಜ ಡಬ್ಬಿಯನ್ನು ಮೂಸಿ ನೋಡಿದರು. ಸಾಧು ಮನುಷ್ಯನ ಮುಖ ಕೆಂಡವಾಯಿತು. "ಅವತ್ತು ಶುಂಠಿ ಹಾಕಿದ್ದು ಯಾರಿಗೆ ಗೊತ್ತಿತ್ತು?"

"ನನಗೂ ದೇವರಿಗೂ. ತಮ್ಮನಿಗೂ ಹೇಳಿರಲಿಲ್ಲ. ಹೇಳಿದ್ರೆ ಮೂಗು ಮುರೀತಿದ್ದ."

"ಸಂಜೆ ನಾಲ್ಕಕ್ಕೆ ಲಿಫ್ಟ್ ಮುಂದೆ ಬಾ" ಎಂದರು ಅಜ್ಜ.

ನಾಲ್ಕಕ್ಕೆ ಕಟ್ಟಡದ ಮಾಲೀಕರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮ್ಯಾನೇಜರ್ ಕೈಕಟ್ಟಿ ನಿಂತಿದ್ದ. ಟೈಪಿಸ್ಟ್ ಹುಡುಗಿ ಬಂದವಳೇ ಬಿಕ್ಕಿದಳು.

"ದಿನಾ ನಾನೂ ಒಂದು ಉಂಡೆ ಕಸಕೊಂಡು ತಿಂತಿದ್ದೆ ಅಜ್ಜ. ಅವತ್ತು ಹನ್ನೊಂದಕ್ಕೆ ಕೈ ಚಾಚಿದ್ರೆ, 'ಇವತ್ತು ಡಬ್ಬಿ ಇಲ್ಲ ಮಗಳೇ' ಅಂದ್ರು. ತಮಾಷೆ ಅಂದ್ಕೊಂಡು ನಗ್ತಾ ಹೋಗ್ಬಿಟ್ಟೆ."

"ಅಳಬೇಡ ಮಗು. ಹನ್ನೊಂದಕ್ಕೆ ಇಲ್ಲದ ಡಬ್ಬಿ, ಹನ್ನೆರಡೂವರೆಗೆ ಅವನು ಸತ್ತದ್ದು ಕಂಡಾಗ ಜೇಬಿಗೆ ಹ್ಯಾಗೆ ಬಂತು? ಲಿಫ್ಟ್ ಬಾಗಿಲು ತೆಗೆದಾಗ ಮೊದಲು ಒಳಗೆ ಹೋದವರು ಯಾರು?"

"ಮ್ಯಾನೇಜರ್ ಸಾರ್. ಗಾಳಿ ಬಿಡಿ ಅಂತ ನಮ್ಮನ್ನೆಲ್ಲ ದೂರ ತಳ್ಳಿ ಒಬ್ರೇ ಹೋದ್ರು."

ಕ್ಯಾಂಟೀನಮ್ಮ ಸುಮ್ಮನಿರಲಿಲ್ಲ. "ಅದಕ್ಕೂ ಮುಂಚೆ ಲಿಫ್ಟಿನ ಗಂಟೆ ಮೂರು ಸಲ ಬಡ್ಕೊಂತು. ಅದು ಬಡಿಯೋದು ಇವರ ಕೋಣೆಯಲ್ಲೇ. ಕಿವಿಗೆ ಏನು ಹತ್ತಿ ಇಟ್ಕೊಂಡಿದ್ರೋ!"

"ನಾನು ಡಬ್ಬಿಯ ಮುಚ್ಚಳಾನೂ ಮುಟ್ಟಿಲ್ಲ!" ಎಂದು ಮ್ಯಾನೇಜರ್ ಕೂಗಿದ.

"ಹಾಗಾದ್ರೆ ಶುಂಠಿ ವಿಷಯ ನಿನಗೆ ಹ್ಯಾಗೆ ಗೊತ್ತಾಯ್ತಪ್ಪ?" ಅಜ್ಜ ಡಬ್ಬಿಯನ್ನು ಮಾಲೀಕರ ಅಂಗೈಗೆ ಸುರಿದರು. "ನೋಡಿ ಸ್ವಾಮಿ. ಹಲ್ಲಿಲ್ಲದವನಿಗೆ ಒಡಹುಟ್ಟಿದ ಅಕ್ಕ ಇಡೀ ಬಾದಾಮಿ ಕಟ್ಟಿಕೊಡ್ತಾಳಾ? ಅಂದ್ಮೇಲೆ ಯಾರೋ ಡಬ್ಬಿ ಖಾಲಿ ಮಾಡಿ, ಆಮೇಲೆ ಬೇರೆ ತುಂಬಿದಾರೆ. ಈ ಬಾದಾಮಿ ಇರೋದು ಯಾರ ಜಾಡೀಲಿ? ಬೆಳಿಗ್ಗೆ ತುಂಬಿದ್ದ ಜಾಡಿ ಮಧ್ಯಾಹ್ನಕ್ಕೆ ಅರ್ಧ ಆಗಿತ್ತು. ಇನ್ನು ಶುಂಠಿ. ಇದನ್ನ ಮೂಸಿ ನೋಡಿ, ಇದರಲ್ಲಿ ಶುಂಠಿ ಇಲ್ಲ. ಅದು ಇದ್ದದ್ದು ಅಕ್ಕ ಕಟ್ಟಿದ ಉಂಡೆಯಲ್ಲಿ. ಅದರ ರುಚಿ ಗೊತ್ತಿರೋದು ಅದನ್ನ ತಿಂದವನಿಗೆ ಮಾತ್ರ. ಬೋರ್ಡಿನ ನೆಪದಲ್ಲಿ ಬೆಳಿಗ್ಗೆ ಡಬ್ಬಿ ಕಿತ್ಕೊಂಡವನೂ ಇವನೇ, ತಿಂದವನೂ ಇವನೇ. ಹೆಣದ ಜೇಬಿಗೆ ಡಬ್ಬಿ ತುರುಕಿ, ತಪ್ಪನ್ನ ಅಕ್ಕನ ತಲೆಗೆ ಕಟ್ಟಿದವನೂ ಇವನೇ!"

ಮ್ಯಾನೇಜರ್ ಮಾಲೀಕರಿಗೆ ಕೈಮುಗಿದ. "ಸಂಜೆ ವಾಪಸ್ ಕೊಡೋಣ ಅಂತಿದ್ದೆ... ಹನ್ನೊಂದಕ್ಕೆ ನನಗೂ ಹಸಿವಾಯ್ತು. ಒಂದು ರುಚಿ ನೋಡಿದೆ. ಮೆತ್ತಗಿತ್ತು. ಆಮೇಲೆ ಕೈ ನಿಲ್ಲಲಿಲ್ಲ. ಗಂಟೆ ಬಡಿದಾಗ ಖಾಲಿ ಡಬ್ಬಿ ಹ್ಯಾಗೆ ಕೊಡ್ಲಿ ಅಂತ..."

ದೊಡ್ಡಕ್ಕ ಮುಂದೆ ಬಂದಳು.

"ನಿಮ್ಮ ಜಾಡಿ ನಿಮ್ಮ ಎದುರಿಗೇ ತುಂಬಿತ್ತಲ್ರೀ! ನಿಮಗೆ ಮೂವತ್ತೆರಡು ಹಲ್ಲಿತ್ತಲ್ರೀ! ಅವನ ಹಿಡಿಯಷ್ಟು ತುತ್ತಿಗೇ ಕಣ್ಣು ಹಾಕ್ಬೇಕಿತ್ತಾ? ಮೂರು ಸಲ ಗಂಟೆ ಬಡಿದ ನನ್ನ ತಮ್ಮ, ಮೂರು ಸಲ! ಒಂದು ಚೂರು ಬೆಲ್ಲ ತಗೊಂಡು ಓಡಿದ್ರೂ ಬದುಕ್ತಿದ್ದ!"

ಮಾಲೀಕರು ಆ ಸಹಿಯಿಲ್ಲದ ಕಾಗದವನ್ನು ಹರಿದು, ಪೊಲೀಸರನ್ನು ಕರೆಯಲು ಹೇಳಿದರು. ಕ್ಯಾಂಟೀನಮ್ಮ ಯಾರ ಅಪ್ಪಣೆಗೂ ಕಾಯದೆ ಲಿಫ್ಟಿನ ಬೋರ್ಡನ್ನು ಕಿತ್ತು ನೆಲಕ್ಕೆ ಬಡಿದಳು.

ಮರುದಿನ ಬೆಳಿಗ್ಗೆ ದೊಡ್ಡಕ್ಕ ಮತ್ತೆ ಕಡಲೆಬೀಜ ಕುಟ್ಟಿದಳು. ಶುಂಠಿಯನ್ನೂ ಹಾಕಿದಳು. ಡಬ್ಬಿಯನ್ನು ಟೈಪಿಸ್ಟ್ ಹುಡುಗಿಗೆಂದು ತೆಗೆದಿಟ್ಟಳು. ಒಂದು ಉಂಡೆಯನ್ನು ಮಾತ್ರ ದೇವರ ಮುಂದಿಟ್ಟು ಕೈಮುಗಿದಳು.

"ತಂದೇ, ನನ್ನ ತಮ್ಮ ಹಸಿದು ಬಂದಿದಾನೆ. ಅವನು ಬಾಯಿಬಿಟ್ಟು ಕೇಳೋನಲ್ಲ. ಅವನನ್ನ ಬಾಗಿಲಲ್ಲಿ ಕಾಯಿಸಬೇಡ. ಮೊದಲು ಮೆತ್ತಗಿರೋದು ಏನಾದ್ರೂ ಕೊಡು. ಅವನು ತಿಂದಾದ ಮೇಲೆ, ನಿನ್ನ ಪಾದದ ಹತ್ರ ಒಂದು ಸ್ಟೂಲ್ ಹಾಕಿ ಕೂರಿಸಿ, ಶಾಂತಿ ಕೊಡು."